ಬೀಗದಜ್ಜಿಯ ಅರ್ಧ ಸ್ಲೇಟು

ಇಪ್ಪತ್ತೆರಡು ವರ್ಷ ಮ್ಯೂಸಿಯಂನ ಕೋಣೆಗಳಿಗೆ ಬೀಗ ಹಾಕಿ ತೆಗೆದು, ಅವಳಿಗೆ ಬೀಗದಜ್ಜಿ ಎಂಬ ಹೆಸರೇ ಗಟ್ಟಿಯಾಗಿತ್ತು. ಅಷ್ಟೂ ವರ್ಷ ಮಕ್ಕಳಿಗೆ ಅವಳು ಹೇಳಿದ್ದು ಒಂದೇ ಮಾತು: "ಮುಟ್ಟಬೇಡ್ರೋ!"

ಹೇಳಿ ಹೇಳಿ ಅವಳಿಗೇ ಬೇಸರ ಬಂದಿತ್ತು. ಪರದೇಶದ ದೊರೆಗಳು ಆಳುತ್ತಿದ್ದಾಗ ಮಕ್ಕಳು ಹೇಗೆ ಕಲಿತರು, ಏನು ಆಡಿದರು ಎಂಬುದನ್ನು ಈಗಿನ ಮಕ್ಕಳು ಮುಟ್ಟಿಯೇ ತಿಳಿಯಲಿ ಎಂದು ಆರು ತಿಂಗಳು ಮೇಲ್ವಿಚಾರಕರ ಬೆನ್ನು ಬಿದ್ದು, ಗಾಜಿನ ಪೆಟ್ಟಿಗೆಯಿಂದ ಸ್ಲೇಟು, ಬುಗುರಿ, ಓಡಿಸುವ ಗಾಲಿ ಎಲ್ಲ ಹೊರಗೆ ತೆಗೆಸಿದಳು.

"ಅಜ್ಜೀ, ಒಂದೇ ಒಂದು ಸಾಮಾನು ಒಡೀಲಿ, ಎಲ್ಲ ವಾಪಸ್ ಗಾಜಿನೊಳಗೆ. ಆಮೇಲೆ ನನ್ನ ಕೇಳ್ಬೇಡಿ," ಎಂದಿದ್ದರು ಮೇಲ್ವಿಚಾರಕರು.

ಮೊದಲ ದಿನ ಇಪ್ಪತ್ತಾರು ಮಕ್ಕಳು ಬಂದರು. ಗಾಲಿ ಮೊಗಸಾಲೆಯ ಉದ್ದಕ್ಕೂ ಓಡಿತು. ಅದರ ಹಿಂದೆ ಸೆರಗು ಸಿಕ್ಕಿಸಿಕೊಂಡು ಅವರ ಟೀಚರೂ ಓಡಿದರು. ಆಮೇಲೆ ಸ್ಲೇಟಿನ ಪಾಠ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಯಲ್ಲಿ ಬೀಸಿ ಒಣಗಿಸಬೇಕು. ಇಪ್ಪತ್ತಾರು ಸ್ಲೇಟು ಒಟ್ಟಿಗೆ ಗಾಳಿಯಲ್ಲಿ ಆಡಿದವು. ಠಣ್! ಎರಡು ಜಡೆಯ ಹುಡುಗಿಯ ಸ್ಲೇಟು ಪಕ್ಕದ ಸ್ಲೇಟಿಗೆ ಬಡಿದು ಎರಡು ಹೋಳಾಗಿ ನೆಲಕ್ಕೆ ಬಿತ್ತು.

ಬಾಗಿಲಲ್ಲಿ ಮೇಲ್ವಿಚಾರಕರು ನಿಂತಿದ್ದರು. ಹುಡುಗಿಯ ತುಟಿ ಅದುರಿತು. ಅಜ್ಜಿ ಬಗ್ಗಿದಳು. ಹೋಳುಗಳನ್ನು ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಡಿಸುತ್ತಲೇ ಕಿಸಕ್ಕನೆ ನಕ್ಕಳು.

"ಈಗ ನೋಡ್ರೋ ಪಾಠ ಶುರುವಾಗಿದ್ದು! ನಮ್ಮನೇಲಿ ಸ್ಲೇಟು ಅಣ್ಣಂಗೆ ಮಾತ್ರ. ಒಡೆದ್ರೆ ಚೂರು ನಂಗೆ ಅಂದಿದ್ರು ಅಪ್ಪ. ಎರಡು ವರ್ಷ ಕಾದೆ. ಆ ಮಹಾರಾಯ ಅದನ್ನ ತಬ್ಕೊಂಡೇ ಮಲಗ್ತಿದ್ದ! ಒಂದಿನ ಸೀನು ಬಂತು, ಕೆಳಗಿಟ್ಟ. ನಾನು ಅದ್ರ ಮೇಲೆ ಕೂತ್ಬಿಟ್ಟೆ."

"ಬೇಕೂಂತಾನೇನಾ ಅಜ್ಜಿ?"

ಅಜ್ಜಿ ಮೇಲ್ವಿಚಾರಕರತ್ತ ಒಮ್ಮೆ ನೋಡಿದಳು. "ಎರಡು ಸಲ ಕೂತೆ. ಮೊದಲನೇ ಸಲ ಒಡೀಲಿಲ್ಲ."

ಕೋಣೆ ಬಿದ್ದು ಬಿದ್ದು ನಕ್ಕಿತು. ಜಡೆಯ ಹುಡುಗಿಗೆ ನಗುತ್ತ ನಗುತ್ತ ಬಿಕ್ಕಳಿಕೆಯೇ ಹಿಡಿಯಿತು.

"ಎಷ್ಟು ದೊಡ್ಡ ಚೂರು ಸಿಕ್ತು?"

"ಅಂಗೈಯಷ್ಟು. ನಾಲ್ಕೇ ಅಕ್ಷರ ಹಿಡಿಯೋದು. ಐದನೇದು ಬರೀಬೇಕಾದ್ರೆ ಮೊದಲನೇದು ಅಳಿಸ್ಬೇಕು."

ಅಷ್ಟು ಸಾಕಾಯಿತು. ಇಡೀ ಸ್ಲೇಟುಗಳನ್ನು ಬದಿಗಿಟ್ಟು ಎಲ್ಲರೂ ಈಗ ಒಡೆದ ಸ್ಲೇಟಿನ ಚಿಕ್ಕ ಹೋಳಿಗೇ ಮುಗಿಬಿದ್ದರು. ಮೇಲ್ವಿಚಾರಕರು ನಗು ತಡೆಯಲು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಬಂದರು, ಬಳಪ ಹಿಡಿದು ಆ ಹೋಳಿಗೆ ಕೈ ಚಾಚಿದರು.

"ಸಾಲಲ್ಲಿ ಬನ್ನಿ ಸಾರ್!" ಎಂದಳು ಎರಡು ಜಡೆಯವಳು.

ಅವರು ಹೋಗಿ ಇಪ್ಪತ್ತೇಳನೆಯವರಾಗಿ ನಿಂತರು. ಗಾಜಿನ ಪೆಟ್ಟಿಗೆ ಆ ದಿನವೂ ಖಾಲಿ, ಮರುದಿನವೂ ಖಾಲಿ.