ಗಂಟೆಯ ಹಗ್ಗ ತುಕಾರಾಮನದೇ

ಭಾಲ್ಕಿಯ ಪಾಸ್ಟರ್ ದೇವದಾನಪ್ಪನವರು ಪ್ರತಿ ಭಾನುವಾರ ‘ಯಾರ ಮ್ಯಾಲೂ ತೀರ್ಪು ಕೊಡಬ್ಯಾಡ್ರಿ’ ಎಂದು ಮೇಜು ಗುದ್ದಿ ಹೇಳುತ್ತಾರೆ. ವೇದಿಕೆ ಇಳಿದವರೇ ಹಾಡಿದವರ ಗಂಟಲಿಗೆ, ಮದುವೆಮನೆಯ ಬಿರಿಯಾನಿಗೆ, ಕೈಗೆ ಕೊಟ್ಟ ಚಹಾಕ್ಕೆ ತೀರ್ಪು ಕೊಡುತ್ತಾರೆ: ‘ಇದು ಚಹಾ ಏನ್ರಿ, ಪಾತೇಲಿ ತೊಳದ ನೀರೇನ್ರಿ?’ ಪ್ರೀತಿಸು ಎಂದ ದೇವರು ರುಚಿ ನೋಡಬೇಡ ಎಂದಿಲ್ಲವಲ್ಲ ಎಂಬುದು ಅವರ ವಾದ. ಅವರ ಬೈಗುಳದಲ್ಲಿ ದೊಡ್ಡ ಪಾಲು ಚರ್ಚಿನ ಗಂಟೆ ಬಾರಿಸುವ ತುಕಾರಾಮನಿಗೆ. ಅವನ ಅಮಲು ಇಳಿದಾಗಲೇ ಗಂಟೆ. ಹಾಗಾಗಿ ಒಂಬತ್ತರ ಆರಾಧನೆ ಹತ್ತಕ್ಕೋ ಹನ್ನೊಂದಕ್ಕೋ. ಅವನು ಬಾರದೇ ಇದ್ದರೆ ಪಾಸ್ಟರೇ ಬೈಯುತ್ತ ಸ್ಕೂಟರ್ ಹತ್ತಿ ಹೋಗಿ, ಯಾವುದೋ ಚರಂಡಿಯ ಬದಿಯಿಂದ ಎಬ್ಬಿಸಿ ತಂದು, ಮುಖ ತೊಳೆಸಿ, ಹಗ್ಗ ಕೈಗೆ ಕೊಡುತ್ತಾರೆ. ‘ಈ ಕುಡುಕನ್ನ ಬಿಡಸ್ರಿ ಪಾಸ್ಟರ್ ಸಾಬ್, ಗಂಟಿ ನಾನೇ ಬಾರಸ್ತೇನಿ’ ಎಂದರು ಒಂದು ದಿನ ಸಭೆಯ ಹಿರಿಯರಾದ ಸಾಲೊಮನ್ನರು. ಪಾಸ್ಟರು ಚಹಾದ ಬಸಿ ಕೆಳಗಿಟ್ಟರು. ‘ನೀವು ಒಂದಿನ ಬರ್ಲಿಲ್ಲಂದ್ರ ಹತ್ತು ಮಂದಿ ಮನಿಗಿ ಬಂದು ಕೇಳ್ತಾರ್ರಿ. ಅವ ಬರ್ಲಿಲ್ಲಂದ್ರ ಕೇಳೋರು ಯಾರ್ರಿ? ಗಂಟಿ ಆಗ್ಲಿಲ್ಲಂದ್ರ, ಬೈಕೋತಾದ್ರೂ ಊರು ಅವನ್ನ ಹುಡುಕ್ತದ.’