ವೈನಿ ಉಣ್ಣದ ಸಂಜೆಗಳು

ಅಣ್ಣನ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಓದಿಸಿ, ಮುಧೋಳದಲ್ಲಿ ಮಾಸ್ತರನಾಗುವವರೆಗೆ ಬೆನ್ನಿಗೆ ನಿಂತವರು ಅವರು. ಹಿಪ್ಪರಗಿ ಬ್ಯಾರೇಜಿಗೆ ಹತ್ತಿರದ, ಹೊಳೆದಂಡೆಯ ನಮ್ಮೂರಲ್ಲಿ ವೈನಿ ಯಾವ ಚುನಾವಣೆಗೂ ನಿಂತವರಲ್ಲ. ಆದರೂ ಓಣಿಯಲ್ಲಿ ಏನೇ ತೊಂದರೆಯಾದರೂ ಹೆಣ್ಣುಮಕ್ಕಳು ಮೊದಲು ನಮ್ಮ ಮನೆ ಕಟ್ಟೆಗೇ ಬರುತ್ತಿದ್ದರು.

ಆ ಮಳೆಗಾಲ ಕೃಷ್ಣೆ ಏರತೊಡಗಿದಾಗ ನಾನು ರಜೆ ಹಾಕಿ ಊರಿಗೆ ಓಡಿದೆ. ಮರುದಿನ ಬೆಳಗಾಗುವಷ್ಟರಲ್ಲಿ ನೀರು ಕಬ್ಬಿನ ಹೊಲಗಳನ್ನು ಮುಳುಗಿಸಿ ಊರ ಮುಂದಿನ ರಸ್ತೆಗೆ ಬಂದಿತ್ತು. ಆಚೆ ಕಡೆ ಟ್ರ್ಯಾಕ್ಟರುಗಳು ಕಾಯುತ್ತಿದ್ದವು. ಜನ ಮಾತ್ರ ಮನೆ ಬಿಡಲೊಲ್ಲರು. ನಮ್ಮ ದನಗಳೂ ನೀರಿಗಿಳಿಯಲೊಲ್ಲವು. ಅಣ್ಣ ಬಾರಕೋಲು ಎತ್ತಿದ.

"ಹೊಡೀಬ್ಯಾಡ್ರಿ. ಆ ಹಳೇ ಎಮ್ಮೀನ ಬಿಡ್ರಿ ಮೊದಲ," ಎಂದರು ವೈನಿ.

ಹಳೆಯ ಎಮ್ಮೆ ನೀರನ್ನು ಮೂಸಿತು. ಒಂದು ಕಾಲಿಟ್ಟು ನೆಲ ಒತ್ತಿ ನೋಡಿ, ನಿಧಾನಕ್ಕೆ ನಡೆಯಿತು. ಉಳಿದವು ಅದರ ಹಿಂದೆ ಇಳಿದವು. ಆಚೆ ಮುಟ್ಟಿದ ಮೇಲೂ ಅದು ಮೇವಿಗೆ ಬಾಯಿ ಹಾಕಲಿಲ್ಲ. ತಿರುಗಿ ನಿಂತು, ಕಡೆಯ ಕರು ಮೇಲೇರುವವರೆಗೂ ಇತ್ತಲೇ ನೋಡುತ್ತಿತ್ತು.

ವೈನಿ ಸೀರೆ ಎತ್ತಿ ಕಟ್ಟಿ ತಾವೂ ಬರಿಗಾಲಲ್ಲಿ ಇಳಿದರು. ನಡುನೀರಿನಲ್ಲಿ ನಿಂತು ಓಣಿಯತ್ತ ಹೊರಳಿ ಕೂಗಿದರು: "ಬರ್ರಿ, ನೆಲ ಗಟ್ಟಿ ಐತಿ! ನಾ ಮುಂದ ನಡೀತೀನಿ." ಬರುವುದಿಲ್ಲವೆಂದು ಹಟ ಹಿಡಿದಿದ್ದ ಮುದುಕಿಯರೂ ಎದ್ದು ಬಂದರು.

ಬನಹಟ್ಟಿಯ ಶಾಲೆಯೊಂದರಲ್ಲಿ ನಮಗೆ ಕಾಳಜಿ ಕೇಂದ್ರ ತೆರೆದಿದ್ದರು. ಸಂಜೆಯ ಅಡುಗೆ ಆಗುವಷ್ಟರಲ್ಲಿ ಬಿಸಿಲು ಇಳಿದಿರುತ್ತಿತ್ತು. ಸೌಟು ವೈನಿಯ ಕೈಯಲ್ಲಿ. ಮಕ್ಕಳಿಗೆ ಮೊದಲು, ಆಮೇಲೆ ವಯಸ್ಸಾದವರಿಗೆ, ಆಮೇಲೆ ಉಳಿದವರಿಗೆ. ತಮಗೆ ಎಲ್ಲರ ನಂತರ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ವೈನಿ ಎಂದೂ ಉಂಡವರಲ್ಲ. ಹಾಗಾಗಿ ಕೊನೆಗೆ ಉಣ್ಣುತ್ತೇನೆ ಎಂದರೆ ಅವರ ಪಾಲಿಗೆ ಉಪವಾಸವೇ. ಜೊತೆಗೆ ಶುಗರ್ ಬೇರೆ ಇತ್ತು.

"ವೈನಿ, ಸೌಟು ನನಗ ಕೊಡ್ರಿ. ಹೊತ್ತು ಮುಳಗಾಕತ್ತೈತಿ, ನೀವು ಮೊದಲ ಉಣ್ರಿ."

"ಸಣ್ಣ ಹುಡುಗ್ರು ಇನ್ನೂ ನಿಂತಾವು ನೋಡು ತಮ್ಮಾ. ಅವುಗಳ ಮುಂದ ನಾ ಹೆಂಗ ಕುಂತು ಉಣ್ಣಲಿ?"

"ಗುಳಿಗಿ ತಗೊಂಡೀರಿ. ಖಾಲಿ ಹೊಟ್ಟಿ ಛಲೋ ಅಲ್ರಿ."

"ನಾಳಿ ಅಡಗಿ ಲಗೂನ ಮಾಡೂಣು, ಸುಮ್ನಿರು."

ಮರುದಿನ ಇನ್ನೊಂದು ಊರಿನ ಜನ ಬಂದು ಸೇರಿದರು. ಅಡುಗೆ ಇನ್ನಷ್ಟು ತಡವಾಯಿತು. ಹೀಗೇ ನಡೆದು ಒಂದು ಸಂಜೆ ಬಡಿಸುತ್ತಲೇ ವೈನಿ ಕುಸಿದು ಬಿದ್ದರು.

ಜಮಖಂಡಿಯ ಆಸ್ಪತ್ರೆಯಲ್ಲಿ ಅವರಿಗೆ ಎಚ್ಚರ ಬಂತು. ಆದರೆ ನರ್ಸ್ ಕಾಲು ಒರೆಸುವಾಗ ಅಂಗಾಲಿನಲ್ಲಿ ಕಪ್ಪಗಾದ ಗಾಯ ಕಂಡಿತು. ಅಂದು ನೀರು ದಾಟುವಾಗ ಏನೋ ಚುಚ್ಚಿತ್ತಂತೆ. ನಂಜು ಆಗಲೇ ಮೇಲಕ್ಕೇರಿತ್ತು.

"ಅವತ್ತ ಒಂದ ಮಾತು ಹೇಳಬಾರದಿತ್ತೇನ?" ಎಂದು ಅಣ್ಣ ಅತ್ತ.

"ನೆಲ ಗಟ್ಟಿ ಐತಿ ಅಂತ ನಾನ ಕೂಗಿ ಕರದಿದ್ದೆ. ಕಾಲಿಗೆ ಚುಚ್ಚೇತಿ ಅಂದಿದ್ರ ಆ ಮುದುಕ್ಯಾರು ಬರ್ತಿದ್ರೇನು?" ಎಂದರು ವೈನಿ.

ಹೊಳೆ ಇಳಿದು ಊರವರು ಮನೆಗಳ ಕೆಸರು ಬಳಿಯುತ್ತಿದ್ದ ದಿನಗಳಲ್ಲಿ ಅವರು ತೀರಿಕೊಂಡರು. ಮನೆಗೆ ತಂದಾಗ ಗೋಡೆಗಳಿನ್ನೂ ಒಣಗಿರಲಿಲ್ಲ.

ತರಗತಿಯಲ್ಲಿ ಮಕ್ಕಳಿಗೆ ನಾಯಕರ ಪಾಠ ಮಾಡುವಾಗ ಈಗ ನನಗೆ ವೈನಿ ನೆನಪಾಗುತ್ತಾರೆ. ಮುಂದೆ ನಡೆಯುವವರಿಗೆ ಧೈರ್ಯ ಬೇಕು ಎಂದು ಪುಸ್ತಕದಲ್ಲಿದೆ. ಅವರ ಕಾಲಿಗೆ ಏನಾಗಿದೆ ಎಂದು ಹಿಂದೆ ಬರುವವರು ನೋಡಬೇಕು ಎಂಬುದನ್ನು ನಾನೇ ಸೇರಿಸಿ ಹೇಳುತ್ತೇನೆ.

ಮುಂದಿನ ಮಳೆಗಾಲ ಮತ್ತೆ ಹೊಳೆ ಬಂತು, ಮತ್ತೆ ಅದೇ ಶಾಲೆ. ನಮ್ಮ ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನವೇ ಒಲೆ ಹಚ್ಚಿದರು. ಬಡಿಸುವ ಕೆಲಸ ಒಬ್ಬರ ಮೇಲೆ ಬೀಳದಂತೆ ಪಾಳಿ ಮಾಡಿಕೊಂಡರು. ಅಣ್ಣ ತಾಟಿನ ಮುಂದೆ ಕುಳಿತು ಬಹಳ ಹೊತ್ತು ಅನ್ನ ಮುಟ್ಟಲಿಲ್ಲ. ಕಡೆಗೆ ಪಕ್ಕದ ಮನೆಯಾಕೆ ಬಂದು ಅವನೆದುರು ಕುಳಿತಳು.

"ಉಣ್ರಿ ಅಣ್ಣಾರ," ಎಂದಳು. "ಇನ್ನೂ ಬೆಳಕೈತಿ."