ಆನ್ವಿಗೆ ಚಳಿಗಾಲ ಬೇಡವಂತೆ

“ನಂಗೆ ಥಂಡಿ ಬೇಡ, ಮನೆಗೆ ಹೋಗುವ,” ಎಂದು ಅಳುತ್ತಿದ್ದಳು ಪಕ್ಕದ ಫ್ಲ್ಯಾಟಿನ ಐದು ವರ್ಷದ ಆನ್ವಿ. ಅವಳಪ್ಪ ಅವಳನ್ನು ಸೊಸೈಟಿಯ ಗಾರ್ಡನ್ನಿನಲ್ಲಿ ನಾನು ಕುಳಿತಿದ್ದ ಬೆಂಚಿನ ಮೇಲೆ ಕೂರಿಸಿ, “ಸ್ವಲ್ಪ ನೋಡಿಕೊಳ್ಳಿ ಆಂಟಿ, ಹಾಲು ತಗೊಂಡು ಬರ್ತೇನೆ,” ಎಂದು ಹೋದ. ಖಾರಘರದ ಗುಡ್ಡದ ಕಡೆಯಿಂದ ಜನವರಿಯ ಗಾಳಿ ಬೀಸುತ್ತಿತ್ತು. ಎದುರಿಗೆ ಮಕ್ಕಳು ಕೈ ಕೈ ಹಿಡಿದು ಸರಪಳಿ ಮಾಡಿಕೊಂಡು ಓಡುತ್ತಿದ್ದರು.

“ನೀನೂ ಹೋಗು ಮಗಾ, ಓಡಿದರೆ ಚಳಿ ಬಿಡ್ತದೆ,” ಎಂದೆ.

ಅವಳು ಬೆರಳುಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಳು. “ಈಗ ಬೇಡ. ನನ್ನ ಕೈ ಬರ್ಫ್, ಐಸಿನ ಹಾಗೆ ಉಂಟು ಅಂತ ಯಾರೂ ಹಿಡಿಯುದಿಲ್ಲ.”

ನಾನು ಆ ಪುಟ್ಟ ಕೈಗಳನ್ನು ನನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದೆ. ನಿಜಕ್ಕೂ ಕೊರೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನನ್ನ ಮುಖವನ್ನೇ ನೋಡುತ್ತ ಕೇಳಿದಳು: “ಅಜ್ಜಿ, ನಿಮ್ಮ ಕೈಯೂ ತಣ್ಣಗೆ ಉಂಟು. ನಿಮ್ಮದನ್ನೂ ಯಾರೂ ಹಿಡಿಯುದಿಲ್ಲವಾ?”

ಅಷ್ಟರಲ್ಲಿ ಅವಳಪ್ಪ ಬಂದು ಕರೆದುಕೊಂಡು ಹೋದ.

ಯಜಮಾನರು ತೀರಿಕೊಂಡ ಮೇಲೆ ಊಟ ಆಯಿತಾ, ಮಾತ್ರೆ ತಗೊಂಡಿರಾ ಎಂದು ಎಲ್ಲರೂ ವಿಚಾರಿಸುತ್ತಾರೆ. ಇದೊಂದನ್ನು ಕೇಳಿದವಳು ಆ ಮಗು ಮಾತ್ರ.